ಗೋಡೆ ಎಳೆದರೆ ಬಾಗಿಲು ಎಲ್ಲಿಗೆ ಹೋಗಬೇಕು?

ಆರ್ಕಿಟೆಕ್ಟ್‌ಗಳ ವಿನ್ಯಾಸ ತಂತ್ರಾಂಶವೆಂದರೆ ಪರದೆಯೊಳಗೆ ಕೂರಿಸಿದ ಡ್ರಾಯಿಂಗ್ ಬೋರ್ಡ್ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಹಾಗೆ ನಂಬಿ ಕೋಡ್ ಬರೆಯಲು ಕೂತವರಿಗೂ ಮೊದಮೊದಲು ಏನೂ ತೊಂದರೆಯಾಗದು. ಬಳಕೆದಾರ ಒಂದು ಗೋಡೆಯನ್ನು ಹಿಡಿದು ಎಳೆದಾಗ ಫಜೀತಿ ಶುರು.

6000 ಮಿ.ಮೀ. ಗೋಡೆ, ನಟ್ಟನಡುವೆ ಬಾಗಿಲು. ಗೋಡೆಯ ಬಲತುದಿಯನ್ನು ಎಳೆದು 7200 ಮಾಡಿದರೆ ಬಾಗಿಲಿನ ಮಧ್ಯರೇಖೆ ಎಡತುದಿಯಿಂದ 3000ದಲ್ಲೇ ನಿಲ್ಲಬೇಕೆ, 3600ಕ್ಕೆ ಸರಿಯಬೇಕೆ? ಬಾಗಿಲಿನ ಎಕ್ಸ್, ವೈ ಅಂಕಿಗಳನ್ನಷ್ಟೇ ಉಳಿಸಿದ ಕಡತ, ಹೆಜ್ಜೆಗಳನ್ನು ಬಿಟ್ಟು ಉತ್ತರ ಮಾತ್ರ ಬರೆದ ಗಣಿತದ ಹಾಳೆಯಂತೆ. 'ಗೋಡೆಯ ನಡುವೆ' ಎಂಬ ನಿರ್ಧಾರವನ್ನೇ ಉಳಿಸಿ, ಅಂಕಿಗಳನ್ನು ಅದರಿಂದ ಲೆಕ್ಕ ಹಾಕಿಕೊಳ್ಳಬೇಕು.

ಇದೇನೂ ಹೊಸ ವಿಚಾರವಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ 1963ರಲ್ಲಿ ಎಂಐಟಿಯ ಪಿಎಚ್.ಡಿ.ಗಾಗಿ ಟಿಎಕ್ಸ್-2 ಕಂಪ್ಯೂಟರಿನ ಮೇಲೆ ಕಟ್ಟಿದ ಚಿತ್ರ ಬಿಡಿಸುವ ತಂತ್ರಾಂಶ ಸ್ಕೆಚ್‌ಪ್ಯಾಡ್‌ನಲ್ಲೇ ಅದಿತ್ತು. ಬೆಳಕಿನ ಪೆನ್ನಿನಿಂದ ಸೊಟ್ಟ ಗೆರೆಗಳನ್ನೆಳೆದು, ಇವೆರಡೂ ಸಮಾನಾಂತರ ಎಂದು ವಿಧಿಸಿದರೆ ಯಂತ್ರವೇ ತಿದ್ದುತ್ತಿತ್ತು. ಮೂಲಚಿತ್ರ ಬದಲಿಸಿದರೆ ಅದರ ಪ್ರತಿಗಳೆಲ್ಲ ಬದಲಾಗುತ್ತಿದ್ದವು. ಎಂಬತ್ತರ ದಶಕದಲ್ಲಿ ಪಿಸಿಗಳ ಮೇಲೆ ಹಬ್ಬಿದ ನಕ್ಷೆ ತಂತ್ರಾಂಶಗಳು ಬಹುಪಾಲು ಬರಿಯ ಗೆರೆ, ಕಮಾನುಗಳಿಗೆ ಮರಳಿದವು. ಆಗಿನ ಪಿಸಿಯ ಮೆಮೊರಿ ನೋಡಿದರೆ ದೂರುವಂತೆಯೂ ಇಲ್ಲ.

ಸಂಬಂಧಗಳನ್ನು ಉಳಿಸಿದ ಮೇಲೆ ಲೆಕ್ಕದ ಕ್ರಮ ಮುಖ್ಯ. ಮಹಡಿಯ ಮಟ್ಟ, ಗ್ರಿಡ್, ಗೋಡೆ, ಬಾಗಿಲು, ಕೋಣೆಯ ವಿಸ್ತೀರ್ಣ ಹೀಗೆ ಮೇಲಿನಿಂದ ಕೆಳಗೆ; ಬದಲಾದುದರ ಕೆಳಗಿನದನ್ನಷ್ಟೇ ಮತ್ತೆ ಲೆಕ್ಕಿಸಬೇಕು. ಗೋಡೆಯಿಂದ ವಿಸ್ತೀರ್ಣ, ವಿಸ್ತೀರ್ಣದಿಂದ ಅದೇ ಗೋಡೆ ಎಂಬ ಸುತ್ತು ಬಂದರೆ, ಅದನ್ನು ನಮೂದಿಸುವಾಗಲೇ ತಡೆದು ಕಾರಣ ತೋರಿಸಬೇಕು. ಆಮೇಲೆ ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ.

ಇನ್ನು ಕಂಪ್ಯೂಟರಿನ ಲೆಕ್ಕ ತಪ್ಪುವುದಿಲ್ಲ ಎಂಬ ಭ್ರಮೆ. 0.1 ಅನ್ನು ದ್ವಿಮಾನದಲ್ಲಿ, ಅಂದರೆ ಕಂಪ್ಯೂಟರಿನ 0 ಮತ್ತು 1ಗಳಲ್ಲಿ, ನಿಖರವಾಗಿ ಬರೆಯಲಾಗದು. 64 ಬಿಟ್‌ಗಳಲ್ಲಿ ಅದನ್ನು ಒಂದೊಂದಾಗಿ ಹತ್ತು ಸಲ ಕೂಡಿಸಿದರೆ ಸಿಗುವುದು 0.9999999999999999. ಹಾಗಾಗಿ ಎರಡು ಗೋಡೆಗಳ ತುದಿ ಕೂಡಿವೆಯೇ ಎಂದು '==' (ಎರಡು ಅಂಕಿಗಳು ತದ್ವತ್ ಒಂದೇ ಎಯೇ ಎಂದು ಕೇಳುವ ಕೋಡ್‌ನ ಗುರುತು) ಹಾಕಿ ಕೇಳುವುದು ಮೂರ್ಖತನ. 1 ಮಿ.ಮೀ. ಒಳಗಿದ್ದರೆ ಒಂದೇ ಎನ್ನೋಣ ಎಂದು ಎಲ್ಲರೂ ಸಡಿಲಿಕೆ ಕೊಡುತ್ತಾರೆ. ಹೊಸ ತೊಡಕು ಹುಟ್ಟುವುದು ಅಲ್ಲೇ. ಒಂದೇ ಗೆರೆಯ ಮೇಲೆ 0, 0.8, 1.6 ಮಿ.ಮೀ.ಗಳಲ್ಲಿ ಮೂರು ಬಿಂದುಗಳಿವೆ ಎನ್ನಿ. ಮೊದಲನೆಯದೂ ಎರಡನೆಯದೂ ಒಂದೇ, ಎರಡನೆಯದೂ ಮೂರನೆಯದೂ ಒಂದೇ. ಆದರೆ ಮೊದಲನೆಯದೂ ಮೂರನೆಯದೂ ಬೇರೆ ಬೇರೆ! ಯಾವ ಜೋಡಿಯನ್ನು ಮೊದಲು ಬೆಸೆದಿರಿ ಎಂಬುದರ ಮೇಲೆ ಆಕೃತಿ ಬದಲಾಗುತ್ತದೆ. ಒಂದು ಮೂಲೆ ಬೆಸೆಯದೆ ಉಳಿದರೆ ಕೋಣೆ ಮುಚ್ಚಿಕೊಳ್ಳದು, ವಿಸ್ತೀರ್ಣ ಬಾರದು. ಸಾಕಷ್ಟು ಹಿಗ್ಗಿಸಿ ನೋಡದಿದ್ದರೆ ಬಳಕೆದಾರನಿಗೆ ಬಿರುಕು ಕಾಣಿಸದೆ ಹೋಗಬಹುದು.

ಸಡಿಲಿಕೆ ಹೆಚ್ಚಿಸಿದರೆ ತೆಳುವಾದ ಫಲಕಗಳ ಎರಡು ಮೈಗಳೂ ಅಂಟಿಕೊಳ್ಳುತ್ತವೆ. ಪರಿಹಾರವೆಂದರೆ, ತುದಿಗಳು ಕೂಡಿವೆಯೇ ಎಂಬ ಊಹೆ ಒಂದೇ ಸಲ, ಮೌಸ್ ಬಿಟ್ಟ ಕ್ಷಣದಲ್ಲಿ. ಆಗ 'ಈ ಎರಡು ಗೋಡೆಗಳಿಗೆ ಇದೇ ಮೂಲೆ' ಎಂದು ಬರೆದಿಟ್ಟುಬಿಟ್ಟರೆ, ಕಡತ ತೆರೆದಾಗಲೆಲ್ಲ ಅಂಕಿಗಳಿಂದ ಮತ್ತೆ ಊಹಿಸಬೇಕಾಗಿಲ್ಲ.

ಸರ್ವೇ ನಕ್ಷೆ ತಂದು ಹಾಕಿದ ಕೂಡಲೇ ಪರದೆ ನಡುಗುವುದಕ್ಕೂ ಬೇರು ಈ ಅಂಕಿಗಳಲ್ಲೇ ಇದೆ. ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳೇ (ಭಿನ್ನಭಾಗವುಳ್ಳ ದ್ವಿಮಾನ ಸಂಖ್ಯೆಗಳು) ಹೋಗುತ್ತವೆ. ಎಕ್ಸ್, ವೈ ಎರಡೂ ಸೊನ್ನೆಯಾಗಿರುವ ಮೂಲಬಿಂದುವಿನಿಂದ 14,00,000 ಮೀಟರ್ ದೂರದಲ್ಲಿ ಅದರ ಪಕ್ಕಪಕ್ಕದ ಎರಡು ಬೆಲೆಗಳ ನಡುವಿನ ಅಂತರ 12.5 ಸೆಂ.ಮೀ.! ಅಷ್ಟರಲ್ಲಿ ಒಂದು ಗೋಡೆಯೇ ಮಾಯವಾಗಬಹುದು. ಕಟ್ಟಡದ ಹತ್ತಿರವೇ ಒಂದು ಸ್ಥಳೀಯ ಮೂಲಬಿಂದು ಇಟ್ಟು, ಸರ್ವೇ ದೂರವನ್ನು ಪ್ರತ್ಯೇಕವಾಗಿ 64 ಬಿಟ್‌ಗಳಲ್ಲಿ ಉಳಿಸಿ, ಕಡತವನ್ನು ಬೇರೆ ತಂತ್ರಾಂಶಕ್ಕೆ ರಫ್ತು ಮಾಡುವಾಗ ಮಾತ್ರ ಕೂಡಿಸಬೇಕು.