ಡ್ರಿಲ್ ಹಿಡಿಯದ ಹಲ್ಲಿನ ಡಾಕ್ಟರಿಗೆ ಕೆಲಸ ಎಲ್ಲಿದೆ?

ಓದುಗರ ಪ್ರಶ್ನೆ: ನಾನು ಬಿಡಿಎಸ್ (ಹಲ್ಲಿನ ಡಾಕ್ಟರ್ ಪದವಿ) ಇಂಟರ್ನ್. ಸ್ವಂತ ಕ್ಲಿನಿಕ್ ಇಡುವ ಆಸೆ ಇಲ್ಲ, ಇಡಲು ದುಡ್ಡೂ ಇಲ್ಲ. ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ ಹಳ್ಳಿ ಕ್ಯಾಂಪ್‌ಗಳಿಗೆ ಹೋಗಿದ್ದು ತುಂಬಾ ಇಷ್ಟವಾಯಿತು. ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿಯಲ್ಲಿ (ಒಬ್ಬೊಬ್ಬರ ಬದಲು ಇಡೀ ಸಮುದಾಯದ ಹಲ್ಲಿನ ಆರೋಗ್ಯ ನೋಡುವ ವಿಭಾಗ) ಎಂಡಿಎಸ್, ಅಂದರೆ ಸ್ನಾತಕೋತ್ತರ ಪದವಿ, ಮಾಡುತ್ತೇನೆ ಅಂದರೆ ಮನೆಯಲ್ಲಿ "ಅದನ್ನ ಓದಿ ಏನ್ ಮಾಡ್ತೀಯಾ?" ಅಂತಾರೆ. ಸೀನಿಯರ್‌ಗಳು ನಗುತ್ತಾರೆ. ಅಷ್ಟಕ್ಕೂ ಹುಳುಕು ಹಲ್ಲಿನ ಬಗ್ಗೆ ಸಂಶೋಧನೆ ಮಾಡೋಕೆ ಇನ್ನೇನು ಉಳಿದಿದೆ?

ಉತ್ತರ: ನಿಮ್ಮ ಮನೆಯವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಮನೆಯಲ್ಲೂ ಇದನ್ನೇ ಕೇಳಿದ್ದರು. ನಮ್ಮಮ್ಮ ಇವತ್ತಿಗೂ ನೆಂಟರಿಗೆ ನನ್ನನ್ನು ಪರಿಚಯಿಸುವುದು "ಹಲ್ಲಿನ ಡಾಕ್ಟ್ರು, ಆದ್ರೆ ಹಲ್ಲು ಕೀಳಲ್ಲ" ಅಂತ.

ಮೊದಲು ಹೊಟ್ಟೆಪಾಡಿನ ಮಾತು ಮುಗಿಸಿಬಿಡೋಣ. ಈ ವಿಷಯದಲ್ಲಿ ಎಂಡಿಎಸ್ ಮಾಡಿದವರಲ್ಲಿ ಹೆಚ್ಚಿನವರು ಸೇರುವುದು ಡೆಂಟಲ್ ಕಾಲೇಜಿಗೇ, ಪಾಠ ಹೇಳೋಕೆ. ಕರ್ನಾಟಕದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಆದರೆ ಒಂದೊಂದು ವಿಭಾಗದಲ್ಲಿ ಇರುವ ಹುದ್ದೆಗಳು ಬೆರಳೆಣಿಕೆಯಷ್ಟು, ಖಾಸಗಿಯಲ್ಲಿ ಆರಂಭದ ಸಂಬಳವೂ ಹೇಳಿಕೊಳ್ಳುವಂಥದ್ದಲ್ಲ. ಸರ್ಕಾರಿ ಆಸ್ಪತ್ರೆಯ ದಂತ ಆರೋಗ್ಯಾಧಿಕಾರಿ ಆದರೆ ಸಂಬಳ ಚೆನ್ನಾಗಿದೆ, ಆದರೆ ಅಲ್ಲಿ ಕೀಳುವ ಕೆಲಸವೇ ಜಾಸ್ತಿ. ತಂಬಾಕು ನಿಯಂತ್ರಣ ಕಾರ್ಯಕ್ರಮ, ಎನ್‌ಜಿಒ, ಸಂಶೋಧನಾ ಪ್ರಾಜೆಕ್ಟುಗಳಲ್ಲಿ ಕೆಲಸ ಸಿಗುತ್ತದೆ, ಹೆಚ್ಚಾಗಿ ಕಾಂಟ್ರ್ಯಾಕ್ಟ್ ಮೇಲೆ. ಬಿಡಿಎಸ್ ನೋಂದಣಿ ನಿಮ್ಮ ಕೈಯಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಬೆಳಿಗ್ಗೆ ಕಾಲೇಜು, ಸಂಜೆ ಯಾರದೋ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮಾಡಿ ಸಂಸಾರ ತೂಗಿಸುವವರು ಬಹಳ ಜನ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ನಾನೂ ಕೆಲವು ವರ್ಷ ಹಾಗೇ ಇದ್ದೆ.

ಸೀನಿಯರ್‌ಗಳ ನಗುವಿಗೂ ಕಾರಣ ಇದೆ. ನೀಟ್ ಎಂಡಿಎಸ್ ಕೌನ್ಸೆಲಿಂಗ್‌ನಲ್ಲಿ ಕೊನೆಗೆ ಉಳಿಯುವ ಸೀಟುಗಳಲ್ಲಿ ಇದೂ ಒಂದು. ಆರ್ಥೋ (ವಕ್ರ ಹಲ್ಲು ಸರಿಮಾಡುವ ವಿಭಾಗ) ಸಿಗದವರು, ಎಂಡೋ (ರೂಟ್ ಕೆನಾಲ್ ವಿಭಾಗ) ಸಿಗದವರು ಬಂದು ಸೇರುತ್ತಾರೆ. ಹಾಗೆ ಸೇರಿದವರಲ್ಲಿ ಕೆಲವರು ಮೂರು ವರ್ಷ ಗೊಣಗುತ್ತಲೇ ಕಳೆಯುತ್ತಾರೆ. ನಿಮಗೆ ಕ್ಯಾಂಪ್ ಇಷ್ಟ ಆಯ್ತು ಅಂತೀರಿ, ಒಳ್ಳೆಯದೇ. ಆದರೆ ಕ್ಯಾಂಪ್ ಈ ಕೆಲಸದ ಹೊರಬಾಗಿಲು ಮಾತ್ರ. ಒಳಗಿರುವುದು ಎಣಿಕೆ.

ಶಾಲೆಯ ಸರ್ವೆ ಒಂದನ್ನು ನೆನೆಸಿಕೊಳ್ಳಿ. ಬಿಇಒ ಕಚೇರಿಯಿಂದ ಪರ್ಮಿಷನ್ ಪತ್ರ ತರಬೇಕು, ಮನೆಗಳಿಗೆ ಒಪ್ಪಿಗೆ ಚೀಟಿ ಕಳಿಸಬೇಕು, ಅರ್ಧ ಚೀಟಿ ವಾಪಸ್ ಬರುವುದಿಲ್ಲ. ಅಂಗಳದ ಹೊಂಗೆ ಮರದ ಕೆಳಗೆ ಒಂದು ಕುರ್ಚಿ. ನೀವು ಬಾಯಿ ನೋಡಿ ಕೋಡ್ ಹೇಳುತ್ತೀರಿ, ಪಕ್ಕದಲ್ಲಿ ಕೂತವರು ಬರೆದುಕೊಳ್ಳುತ್ತಾರೆ. ಒಂದು, ಸೊನ್ನೆ, ಸೊನ್ನೆ, ಮೂರು. ದಿನಕ್ಕೆ ಎಪ್ಪತ್ತು ಎಂಬತ್ತು ಬಾಯಿ. ಇಬ್ಬರು ಪರೀಕ್ಷಕರಿದ್ದರೆ ಇಬ್ಬರ ಕಣ್ಣೂ ಒಂದೇ ತರಹ ನೋಡುತ್ತಿದೆಯಾ ಅಂತ ಅದೇ ಮಕ್ಕಳನ್ನು ಮತ್ತೊಮ್ಮೆ ನೋಡಿ ಲೆಕ್ಕ ಹಾಕಬೇಕು. ನನ್ನ ಮೊದಲ ಸರ್ವೆಯಲ್ಲಿ, ಮಧ್ಯಾಹ್ನ ಊಟ ಆದಮೇಲೆ ನಾನು ಬರೆಸಿದ ಹುಳುಕಿನ ಲೆಕ್ಕ ಬೆಳಗಿನದಕ್ಕಿಂತ ಕಡಿಮೆ ಬಂದಿತ್ತು. ಮಕ್ಕಳ ಹಲ್ಲೇನೂ ಊಟದ ನಂತರ ವಾಸಿಯಾಗಿರಲಿಲ್ಲ. ನನಗೆ ನಿದ್ದೆ ಬಂದಿತ್ತು.

ಹೀಗೆ ಬರೆಸುವ ಲೆಕ್ಕದ ಹೆಸರು ಡಿಎಂಎಫ್‌ಟಿ. 1938ರಲ್ಲಿ ಅಮೆರಿಕದ ಕ್ಲೈನ್, ಪಾಮರ್ ಮತ್ತು ನಟ್ಸನ್ ಮಾಡಿದ್ದು. ಹುಳುಕಾದ ಹಲ್ಲು, ಹುಳುಕಿನಿಂದ ಹೋದ ಹಲ್ಲು, ಸಿಮೆಂಟ್ ಹಾಕಿಸಿದ ಹಲ್ಲು, ಮೂರನ್ನೂ ಕೂಡಿದರೆ ಒಂದು ಸಂಖ್ಯೆ. ಪರೀಕ್ಷೆಗೆ ನೀವು ಇದನ್ನು ಬಾಯಿಪಾಠ ಮಾಡಿರುತ್ತೀರಿ. ಈಗ ಇದನ್ನು ಹೀಗೆ ನೋಡಿ. ಬೆಂಗಳೂರಿನ ಹುಡುಗನೊಬ್ಬನಿಗೆ ಮೂರು ಸಿಮೆಂಟ್. ಹಳ್ಳಿಯ ಹುಡುಗಿಗೆ ಮೂರು ತೂತು, ರಾತ್ರಿಯೆಲ್ಲ ನೋವು. ಇಬ್ಬರ ಅಂಕಿಯೂ ಮೂರೇ! ಸರಾಸರಿ ಮಾತ್ರ ನೋಡುವವರಿಗೆ ಇಬ್ಬರೂ ಒಂದೇ. ಅಂಕಿಯನ್ನು ಬಿಡಿಸಿ, ಅದರೊಳಗೆ ತೂತೆಷ್ಟು, ಸಿಮೆಂಟೆಷ್ಟು ಅಂತ ಕೇಳಿದಾಗಲೇ ಆ ಊರಿಗೆ ಡಾಕ್ಟರು ತಲುಪಿದ್ದಾರೋ ಇಲ್ಲವೋ ಗೊತ್ತಾಗುವುದು. ಈ ಬಿಡಿಸಿ ನೋಡುವ ಚಟ ನಿಮಗಿದ್ದರೆ ಈ ಕೆಲಸ ಹಿಡಿಸುತ್ತದೆ. ಇಲ್ಲದಿದ್ದರೆ ಎರಡನೇ ವರ್ಷಕ್ಕೇ ಬೇಜಾರು ಬರುತ್ತದೆ, ಖಂಡಿತ.

ಇನ್ನು ಉಳಿದಿರುವುದೇನು ಅನ್ನುವ ಪ್ರಶ್ನೆ. ಇದಕ್ಕೆ ಸ್ವಲ್ಪ ದೂರದಿಂದ ಬರಬೇಕು.

1901ರಲ್ಲಿ ಫ್ರೆಡರಿಕ್ ಮೆಕೇ ಅನ್ನುವ ಯುವ ದಂತವೈದ್ಯರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದು ಕ್ಲಿನಿಕ್ ತೆರೆದರು. ಅಲ್ಲಿ ಹುಟ್ಟಿ ಬೆಳೆದ ಬಹಳ ಜನರ ಹಲ್ಲಿನ ಮೇಲೆ ಕಂದು ಕಲೆ. ಯಾವ ಪುಸ್ತಕದಲ್ಲೂ ಇದರ ವಿವರ ಇಲ್ಲ. ಊರವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. 1909ರಲ್ಲಿ ದಂತಶಾಸ್ತ್ರದ ದೊಡ್ಡ ಹೆಸರಾದ ಜಿ.ವಿ. ಬ್ಲ್ಯಾಕ್ ಅವರೇ ಬಂದು ಜೊತೆಯಾದರು. ಇಬ್ಬರಿಗೂ ಒಂದು ವಿಚಿತ್ರ ಕಂಡಿತು. ಕಲೆಯಾದ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ.

ಮೆಕೇ ಇದನ್ನು ಬಿಡಲಿಲ್ಲ. 1923ರಲ್ಲಿ ಐಡಾಹೊದ ಓಕ್ಲಿ ಅನ್ನುವ ಸಣ್ಣ ಊರಿಗೆ ಹೋದರು. ದೂರದ ಬಿಸಿನೀರಿನ ಬುಗ್ಗೆಯಿಂದ ಪೈಪ್ ಹಾಕಿಸಿದ ಮೇಲೆ ಮಕ್ಕಳ ಹಲ್ಲಿಗೆ ಕಲೆ ಬರುತ್ತಿದೆ ಅಂತ ಅಲ್ಲಿನ ತಾಯಂದಿರು ದೂರಿದ್ದರು. ನೀರು ತಪಾಸಣೆ ಮಾಡಿಸಿದರೆ ಏನೂ ಸಿಗಲಿಲ್ಲ. ಆದರೂ ಮೆಕೇ, ಆ ಪೈಪ್ ಬಿಟ್ಟು ಬೇರೆ ಬುಗ್ಗೆಯ ನೀರು ತನ್ನಿ ಅಂದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಹುಟ್ಟಿದ ಹೊಸ ಹಲ್ಲು ಬೆಳ್ಳಗಿದ್ದವು. ನೀರಿನಲ್ಲಿರುವುದು ಫ್ಲೋರೈಡ್ ಅಂತ ಗೊತ್ತಾದದ್ದು 1931ರಲ್ಲಿ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಅದನ್ನು ಕಂಡುಹಿಡಿದರು. ಆಮೇಲೆ ಅಮೆರಿಕದ ಸರ್ಕಾರಿ ದಂತವೈದ್ಯ ಟ್ರೆಂಡ್ಲಿ ಡೀನ್ ಊರೂರಿನ ನೀರು, ಊರೂರಿನ ಮಕ್ಕಳ ಹಲ್ಲು ಹೋಲಿಸಿ, ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಲೆ ಅಷ್ಟಾಗಿ ಬರುವುದಿಲ್ಲ, ಹುಳುಕೂ ಕಡಿಮೆ ಅಂತ ತೋರಿಸಿದರು. 1945ರ ಜನವರಿಯಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಿತು. ಹನ್ನೊಂದು ವರ್ಷದ ನಂತರ ಲೆಕ್ಕ ಹಾಕಿದಾಗ, ಬೆರೆಸಿದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕಿಂತ ಹೆಚ್ಚು ಇಳಿದಿತ್ತು. ಒಂದೇ ಒಂದು ಹಲ್ಲನ್ನೂ ಕೊರೆಯದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ 'ಏನೂ ಉಳಿದಿಲ್ಲ' ಅಂತ ಆಗುತ್ತಿತ್ತು. ಆದರೆ ಇದೇ ಉತ್ತರವನ್ನು ಪಾವಗಡಕ್ಕೆ ಹೊತ್ತು ತನ್ನಿ ನೋಡೋಣ. ಅಥವಾ ಮುಂಡರಗಿಗೆ, ಬಾಗೇಪಲ್ಲಿಗೆ. ಅಲ್ಲಿ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ನಮ್ಮ ದೇಶದ ಮಿತಿಯಾದ 1.5 ಮಿಲಿಗ್ರಾಂ ದಾಟಿದೆ. ಹಲ್ಲಿನ ಕಲೆ ಬಿಡಿ, ಮೂಳೆ ಗಂಟೂ ಬಿಗಿದು ಬೆನ್ನು ಬಾಗಿದವರಿದ್ದಾರೆ. ಅಮೆರಿಕದವರು ಬೆರೆಸಿ ಗೆದ್ದದ್ದನ್ನು ನಾವು ತೆಗೆದು ಗೆಲ್ಲಬೇಕು. ಈ ಕಸುಬಿನಲ್ಲಿ ನಾನು ಕಲಿತದ್ದು ಇಷ್ಟೇ: ಇಲ್ಲಿ ರೋಗಿ ಅಂದರೆ ಊರು. ಒಂದು ಊರಿನ ಔಷಧಿ ಇನ್ನೊಂದು ಊರಿಗೆ ಆಗಿಬರಲೇಬೇಕು ಅಂತಿಲ್ಲ.

ಈಗ ಅದೇ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕಗಳು ಬಂದಿವೆ. ಆರ್‌ಒ ಯಂತ್ರ ಫ್ಲೋರೈಡನ್ನು ಬಹುಪಾಲು ತೆಗೆದುಬಿಡುತ್ತದೆ. ಒಂದೇ ಮನೆಯಲ್ಲಿ ಬೋರ್ ನೀರು ಕುಡಿದು ಬೆಳೆದ ಅಕ್ಕ, ಕ್ಯಾನ್ ನೀರು ಕುಡಿದು ಬೆಳೆದ ತಮ್ಮ. ತಮ್ಮನ ಹಲ್ಲು ಬೆಳ್ಳಗಿರಬೇಕು, ಓಕ್ಲಿಯ ಮಕ್ಕಳ ಹಾಗೆ. ಆದರೆ ಅಂಗಡಿಯಲ್ಲಿ ಐದು ರೂಪಾಯಿಗೆ ಚಾಕಲೇಟು, ಕ್ರೀಮ್ ಬಿಸ್ಕತ್ತು ಸಿಗುವ ಕಾಲದಲ್ಲಿ ಅವನ ಹುಳುಕು ಏನಾಗುತ್ತಿದೆ? ಕಲೆ ಹೋಗಿ ತೂತು ಬಂತಾ? ನಿಮಗೆ ಥೀಸಿಸ್ ಬೇಕು ಅಂದರೆ ಇದನ್ನೇ ತೆಗೆದುಕೊಳ್ಳಿ, ನನ್ನ ಅಡ್ಡಿ ಇಲ್ಲ. ಒಂದು ಎಚ್ಚರ ಮಾತ್ರ ಇರಲಿ. ಕಂದು ಕಲೆಯೇ ಹುಳುಕು ಅಂತ ಬರೆಸುವ ತಪ್ಪನ್ನು ಹೊಸಬರು ಮಾಡುತ್ತಲೇ ಇರುತ್ತಾರೆ.

ಇನ್ನೊಂದು ಕಡೆ ನೋಡಿ. 2002-03ರಲ್ಲಿ ನಡೆದ ರಾಷ್ಟ್ರೀಯ ಸರ್ವೆಯಲ್ಲಿ 12 ವರ್ಷದ ಮಕ್ಕಳಲ್ಲಿ ಶೇ. 53.8ರಷ್ಟು ಮಂದಿಗೆ ಹುಳುಕು ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲು ಹುಳುಕಾಗಿ ಹಾಗೇ ಉಳಿದಿದೆ. ಇಷ್ಟು ತೂತುಗಳನ್ನು ಡ್ರಿಲ್ ಹಿಡಿದು ಮುಚ್ಚುತ್ತಾ ಹೋದರೆ ಮುಗಿಯುವುದು ಯಾವಾಗ? ಅದಕ್ಕೇ ಸಿಲ್ವರ್ ಡೈಅಮೈನ್ ಫ್ಲೋರೈಡ್‌ನಂಥ ದ್ರಾವಣಗಳ ಮೇಲೆ ಈಗ ಕೆಲಸ ಜೋರಾಗಿದೆ. ಚೇರು, ಕರೆಂಟು, ಸೂಜಿ ಯಾವುದೂ ಬೇಡ. ಹುಳುಕಿನ ಮೇಲೆ ಒಂದು ಹನಿ ಸವರಿದರೆ ಅದು ಮುಂದಕ್ಕೆ ಹೋಗದಂತೆ ಬಹಳಷ್ಟು ಸಲ ನಿಲ್ಲುತ್ತದೆ. 2021ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು. ತೊಂದರೆ ಒಂದೇ, ಸವರಿದ ಹುಳುಕು ಕಾಡಿಗೆಯಂತೆ ಕಪ್ಪಾಗುತ್ತದೆ. ಅಂಗನವಾಡಿಯಲ್ಲಿ ಒಬ್ಬ ತಾಯಿ ಫೋಟೊ ನೋಡಿ ನನ್ನನ್ನು ಕೇಳಿದ್ದರು: "ಹಿಂದಿನ ಹಲ್ಲಿಗೆ ಹಚ್ಚಿ ಮೇಡಂ, ಮುಂದಿಂದಕ್ಕೆ ಬೇಡ. ನಾಮಕರಣ, ಮದ್ವೆ ಅಂತ ಹೋಗ್ತಿರ್ತೀವಿ, ಜನ ಏನಂತಾರೆ?" ಲ್ಯಾಬಿನಲ್ಲಿ ಗೆದ್ದ ಔಷಧಿ ಅಂಗನವಾಡಿಯಲ್ಲಿ ಎಲ್ಲಿ ನಿಲ್ಲುತ್ತದೆ ಅನ್ನೋದೂ ಸಂಶೋಧನೆಯೇ, ಅಲ್ವಾ?

ಕೆಲವೊಮ್ಮೆ ಸಂಶೋಧನೆ, ಯೋಜನೆ ರೂಪಿಸುವ ಮೀಟಿಂಗಿನಲ್ಲೂ ಕೆಲಸಕ್ಕೆ ಬರುತ್ತದೆ. ನಮ್ಮ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ ಕೊಡುವ ಯೋಜನೆ ಬಂದಾಗ ಹಲ್ಲಿನವರು ಮುಖ ಕಿವುಚಿದ್ದರು. ಬೆಲ್ಲದ ಅಂಟು, ಸರಿ. ಆದರೆ ಕಡಲೆಬೀಜ ಬೇಕಾದ ಮಕ್ಕಳೂ ಇದ್ದಾರಲ್ಲ? ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಶುರುವಾದ ಪ್ರಯೋಗದಲ್ಲಿ ಇದಕ್ಕೊಂದು ಸುಳಿವಿದೆ. ಸಿಹಿಯನ್ನು ಊಟದ ಜೊತೆ ತಿಂದವರಿಗಿಂತ, ಊಟದ ನಡುನಡುವೆ ಅಂಟು ಟಾಫಿ ತಿಂದವರ ಹಲ್ಲು ವಿಪರೀತ ಹಾಳಾಯಿತು. ಹಾಗಾದರೆ ಚಿಕ್ಕಿಯನ್ನು ಊಟದ ಜೊತೆಗೇ ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ ಅನ್ನಬಹುದಿತ್ತು. ಆ ಪ್ರಯೋಗ ನಡೆದದ್ದು ಮಾತ್ರ ಬುದ್ಧಿಮಾಂದ್ಯರ ಮೇಲೆ, ಅವರ ಒಪ್ಪಿಗೆ ಇಲ್ಲದೆ. ನಿಮ್ಮ ಥೀಸಿಸ್‌ಗೆ ಎಥಿಕ್ಸ್ ಕಮಿಟಿ ಐದು ಸಲ ತಿದ್ದುಪಡಿ ಕೇಳಿದಾಗ ಸಿಟ್ಟು ಬಂದರೆ ಇದನ್ನು ನೆನಪಿಸಿಕೊಳ್ಳಿ.

ಸೇರುವುದೇ ಅಂದಾದರೆ ಎರಡು ಮಾತು. ಅಂಕಿಅಂಶ ಕಲಿಯಿರಿ, ಇನ್ನೊಬ್ಬರಿಗೆ ದುಡ್ಡು ಕೊಟ್ಟು ಲೆಕ್ಕ ಮಾಡಿಸಬೇಡಿ. ನಮ್ಮವರು ಸೋಲುವುದೇ ಅಲ್ಲಿ. ಎಂಡಿಎಸ್ ಬದಲು ನೇರವಾಗಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡುವ ದಾರಿಯೂ ಇದೆ, ಬಿಡಿಎಸ್ ಆದವರಿಗೆ ಅದು ತೆರೆದೇ ಇದೆ. ಅದು ಹಲ್ಲಿನಾಚೆಯ ಕೆಲಸಗಳಿಗೂ ಬಾಗಿಲು ತೆಗೆಯುತ್ತದೆ, ಆದರೆ ಡೆಂಟಲ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಬೇಕೆಂದರೆ ಎಂಡಿಎಸ್ಸೇ ಬೇಕು. ಅಮೆರಿಕದಲ್ಲಿ ಎಂಪಿಎಚ್ ಮಾಡಿದರೆ ಅಲ್ಲಿ ಹಲ್ಲಿಗೆ ಕೈಹಾಕಬಹುದು ಅಂತ ತಿಳಿದು ಸಾಲ ಮಾಡಿ ಹೋದವರನ್ನು ನೋಡಿದ್ದೇನೆ. ಪ್ರಾಕ್ಟೀಸ್ ಲೈಸೆನ್ಸ್ ಬೇರೆ, ಅದಕ್ಕೆ ಬೇರೆಯೇ ಪರೀಕ್ಷೆಗಳಿವೆ.

ಕೌನ್ಸೆಲಿಂಗ್‌ಗೆ ಇನ್ನೂ ಸಮಯ ಇದೆಯಲ್ಲ, ನಿಮ್ಮ ಕಾಲೇಜಿನ ಎಂಡಿಎಸ್ ವಿದ್ಯಾರ್ಥಿಗಳು ಸರ್ವೆಗೆ ಹೊರಟಾಗ ಬರೆದುಕೊಳ್ಳುವ ಕೆಲಸ ಕೇಳಿ ಪಡೆಯಿರಿ. ಒಂದು ದಿನ ಅಲ್ಲ, ಒಂದು ವಾರ. ನಾನೂರನೇ ಬಾಯಿಯ ಹೊತ್ತಿಗೂ 'ಈ ಶಾಲೆಗಿಂತ ಆ ಶಾಲೆಯಲ್ಲಿ ಯಾಕೆ ಜಾಸ್ತಿ?' ಅನ್ನೋ ಪ್ರಶ್ನೆ ನಿಮ್ಮ ತಲೆಯಲ್ಲಿ ಇನ್ನೂ ಕೊರೆಯುತ್ತಿದ್ದರೆ ಸೀಟು ತಗೊಳ್ಳಿ. ಮನೆಯವರ ಜೊತೆ ಆಮೇಲೆ ಮಾತಾಡೋಣ, ಬೇಕಾದರೆ ನಮ್ಮಮ್ಮನ ಕೈಲಿ ಫೋನ್ ಮಾಡಿಸುತ್ತೇನೆ.