ಐದನೇ ದಿನದ ಜ್ವರ

ಗಂಗಾವತಿ, ಸಿಂಧನೂರು ಕಡೆ ಭತ್ತದ ಕಟಾವು ಶುರುವಾಯಿತೆಂದರೆ ಕುಡುಗೋಲಿನ ಗಾಯ, ಮಷಿನ್ ಗಾಯ ಮಾಮೂಲು. ಗಾಯ ಆಳವಾಗಿದ್ದರೆ ಆಪರೇಷನ್ ಮಾಡಿ, ಒಳಗಿನ ಮಣ್ಣು ತೊಳೆದು, ಸತ್ತ ಮಾಂಸ ತೆಗೆದು ಹೊಲಿಗೆ ಹಾಕುತ್ತಾರೆ. ಆಮೇಲೆ ಡಿಸ್ಚಾರ್ಜ್. ಗಾಯ ಕೆಡುವುದಿದ್ದರೆ ಎಷ್ಟೋ ಸಲ ಕೆಡುವುದು ಮನೆಗೆ ಬಂದ ಮೇಲೆ.

ಮೊದಲ ಎರಡು ದಿನದ ಸಣ್ಣ ಜ್ವರಕ್ಕೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಸೋಂಕಿನ ಜ್ವರವಲ್ಲ, ಆಪರೇಷನ್ನಿನ ಪೆಟ್ಟಿಗೆ ಮೈ ಕೊಡುವ ಉತ್ತರ. ಬ್ಯಾಕ್ಟೀರಿಯಾ ಬೆಳೆದು ಕೀವು ಕಟ್ಟಲು ಟೈಮ್ ಬೇಕು. ಹಾಗಾಗಿ ಐದನೇ ದಿನ, ವಾರದ ಹೊತ್ತಿಗೆ ಬರುವ ಜ್ವರವೇ ಜಾಸ್ತಿ ಅನುಮಾನದ್ದು. ಅಷ್ಟೊತ್ತಿಗೆ ನೋಡಲು ಬಂದ ನೆಂಟರೂ ಊರಿಗೆ ಹೋಗಿರುತ್ತಾರೆ, ಮನೆಯವರು ಒಂದು ಮಾತ್ರೆ ನುಂಗಿಸಿ ಸುಮ್ನಾಗುತ್ತಾರೆ. ಆಪರೇಷನ್ ಆದ 30 ದಿನದವರೆಗೂ ಗಾಯಕ್ಕೆ ಸೋಂಕು ತಗುಲಬಹುದು. ಒಳಗೆ ರಾಡು, ಪ್ಲೇಟು ಕೂರಿಸಿದ್ದರೆ ಇನ್ನೂ ತಡವಾಗಿಯೂ ಕಾಣಿಸಿಕೊಳ್ಳುತ್ತದೆ.

ನೋವು ಇದೆಯಾ ಇಲ್ಲವಾ ಅನ್ನುವುದಕ್ಕಿಂತ ಅದು ಯಾವ ಕಡೆ ಹೊರಟಿದೆ ಅನ್ನುವುದನ್ನು ನೋಡಬೇಕು. ನಿನ್ನೆಗಿಂತ ಇವತ್ತು ಕಮ್ಮಿ ಇದ್ದರೆ ಸರಿ. ಇಳಿದ ನೋವು ಮತ್ತೆ ಏರಿತೋ, ಆಸ್ಪತ್ರೆಗೆ ನಡೆಯಿರಿ. ಗಾಯದ ಸುತ್ತ ಕೆಂಪಾಗುತ್ತದೆ ಅಂತ ಪುಸ್ತಕಗಳು ಹೇಳುತ್ತವೆ. ಬಿಸಿಲಲ್ಲಿ ದುಡಿದ ನಮ್ಮ ರಾಯಚೂರು ಮಂದಿಯ ಕಪ್ಪು ಮೈಮೇಲೆ ಕೆಂಪು ಎಲ್ಲಿ ಕಾಣಬೇಕು? ಕೈ ತೊಳೆದುಕೊಂಡು, ಗಾಯದಿಂದ ಸ್ವಲ್ಪ ದೂರದ ಚರ್ಮ ಮುಟ್ಟಿ ನೋಡಿ. ಬಿಸಿ, ಬಿಗಿ, ಹೊಳಪು, ಬಾವು ಇದ್ದರೆ ಬಾವಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಡಿ, ಡಾಕ್ಟರಿಗೆ ತೋರಿಸಿ. ಬಾವು ಗೆರೆ ದಾಟಿ ಹೋಗಿದ್ದರೆ ಸೋಂಕು ಹಬ್ಬುತ್ತಿರಬಹುದು.

ಒಂದು ಜಾತಿಯ ಸೋಂಕು ಐದು ದಿನ ಕಾಯುವುದಿಲ್ಲ. ಹೊಲದ ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಗಾಳಿಯಾಡದ ಆಳದ ಗಾಯ ಅವಕ್ಕೆ ಹೇಳಿ ಮಾಡಿಸಿದ ಜಾಗ. ಒಂದೇ ದಿನದಲ್ಲಿ ಮಾಂಸ ಕೊಳೆಸುತ್ತವೆ, ಒಳಗೆ ಗಾಳಿ ತುಂಬುತ್ತವೆ. ಮೇಲೆ ಚರ್ಮ ಸುಮಾರಾಗಿ ಚೆನ್ನಾಗೇ ಕಾಣುತ್ತಿರುತ್ತದೆ, ರೋಗಿ ಮಾತ್ರ ನೋವು ತಡೆಯಲಾರದೆ ಕೂಗುತ್ತಾನೆ. ಒತ್ತಿದರೆ ಚರಚರ ಅನ್ನುವುದು, ನೀಲಿಗಟ್ಟುವುದು, ಬೊಬ್ಬೆ ಏಳುವುದು, ಕೆಟ್ಟ ವಾಸನೆಯ ನೀರು ಸೋರುವುದು ಕಂಡರೆ ಬೆಳಗಾಗಲಿ ಅನ್ನಬೇಡಿ. ರಾತ್ರಿಯೇ 108ಕ್ಕೆ ಫೋನ್ ಮಾಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ತಡ ಮಾಡಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅದರ ಜೊತೆ ಉಸಿರು ಕಟ್ಟಿದರಂತೂ ನಿಮಿಷವೂ ಕಾಯಬಾರದು.

ಹೊಟ್ಟೆಯ ಗಾಯದಲ್ಲಿ ವಾರದ ಸುಮಾರಿಗೆ ತಿಳಿಗೆಂಪು ನೀರು ದಿಢೀರನೆ ಬಟ್ಟೆ ನೆನೆಸಿದರೆ ಒಳಗಿನ ಹೊಲಿಗೆ ಬಿಚ್ಚಿರಬಹುದು. ಕರುಳು ಹೊರಗೆ ಬಂದರೆ ಒಳಗೆ ತಳ್ಳಬೇಡಿ. ಒದ್ದೆ ಮಾಡಿದ ಶುದ್ಧ ಬಟ್ಟೆ ಮುಚ್ಚಿ ಕರೆದೊಯ್ಯಿರಿ. ಹೊಲಿಗೆ ಬಿಚ್ಚಿಸಿದ ಮರುದಿನವೇ ಚೀಲ ಎತ್ತುವವರೂ ಇದ್ದಾರೆ. ಮೂರು ವಾರಕ್ಕೆ ಗಾಯದ ಬಲ ಮೊದಲಿನ ಚರ್ಮದ ಐದರಲ್ಲಿ ಒಂದು ಪಾಲಷ್ಟೇ.

ಶುಗರ್ ಇದ್ದವರಲ್ಲಿ ನರ ಸತ್ತು ನೋವೇ ಗೊತ್ತಾಗದಿರಬಹುದು. ಅಂಥವರ ಗಾಯವನ್ನು ಮನೆಯವರೇ ದಿನಾ ಕಣ್ಣಿಟ್ಟು ನೋಡಬೇಕು. ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಮೆತ್ತಬೇಡಿ. ಇನ್ನು ನಂಜಾಗುತ್ತೆ ಅಂತ ಬೇಳೆ, ಮೊಟ್ಟೆ ಬಿಡಿಸಿ ಗಂಜಿ ಕುಡಿಸುವ ಪಥ್ಯ. ಹೊಸ ಮಾಂಸ ಕಟ್ಟುವುದೇ ಪ್ರೋಟೀನಿನಿಂದ. ಡಾಕ್ಟರು ಬೇಡ ಅಂದಿಲ್ಲ ಅಂದ್ರೆ ಬೇಳೆ, ಮೊಟ್ಟೆ ಎರಡೂ ಕೊಡಿ.