ಒಂದು ಪೇಂಟಿಂಗ್‌ಗೆ 118 ಕೋಟಿ ಯಾಕೆ?

ಪ್ರಶ್ನೆ: ಕ್ಯಾನ್ವಾಸು, ಬಣ್ಣ ಎಲ್ಲಾ ಸೇರಿದರೂ ಕೆಲವು ಸಾವಿರ ದಾಟಲ್ಲ. ಅಂಥ ಚಿತ್ರಕ್ಕೆ ಕೋಟಿಗಟ್ಟಲೆ ಯಾಕೆ ಸುರಿಯುತ್ತಾರೆ?

ಉತ್ತರ: ರೇಷ್ಮೆ ಸೀರೆಯಾದರೆ ನೂಲೆಷ್ಟು, ಜರಿಯೆಷ್ಟು ಎಂದು ಲೆಕ್ಕ ಹಾಕಬಹುದು. ಚಿತ್ರಕ್ಕೆ ಆ ತಕ್ಕಡಿ ಇಲ್ಲ. ಒಂದೇ ಚಿತ್ರ ಹಿಡಿದು ನೋಡೋಣ.

ಎಂ.ಎಫ್. ಹುಸೇನ್ 1954ರಲ್ಲಿ ಬರೆದ ‘ಗ್ರಾಮ ಯಾತ್ರಾ’ ಸುಮಾರು 14 ಅಡಿ ಉದ್ದವಿದೆ. ಒಳಗೆ 13 ಪುಟ್ಟ ಚೌಕಟ್ಟುಗಳು, ಒಂದೊಂದರಲ್ಲೂ ಹಳ್ಳಿಯ ಬದುಕಿನ ಒಂದೊಂದು ತುಣುಕು. ದೆಹಲಿಗೆ ಕೆಲಸದ ಮೇಲೆ ಬಂದಿದ್ದ ಲಿಯಾನ್ ವೊಲೊಡಾರ್ಸ್ಕಿ ಎಂಬ ವೈದ್ಯರು ಅದನ್ನು ಕೊಂಡು ನಾರ್ವೆಗೆ ಒಯ್ದರು. ಮುಂದೆ ಅದು ಓಸ್ಲೋದ ಆಸ್ಪತ್ರೆಯೊಂದರ ಪಾಲಾಯಿತು. ದಶಕಗಳ ಕಾಲ ಅಲ್ಲಿನ ಗೋಡೆ ಮೇಲೆ ಸುಮ್ನೆ ನೇತಾಡುತ್ತಿತ್ತು.

2025ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆ ಅದನ್ನು ನ್ಯೂಯಾರ್ಕ್‌ನಲ್ಲಿ ಹರಾಜಿಗಿಟ್ಟಿತು. ಅಂದಾಜು ಬೆಲೆ 25ರಿಂದ 35 ಲಕ್ಷ ಡಾಲರ್. ಹೋಗಿದ್ದು 1.37 ಕೋಟಿ ಡಾಲರಿಗೆ, ಅಂದರೆ ಸುಮಾರು 118 ಕೋಟಿ ರೂಪಾಯಿ!

ಇದು ಹುಸೇನರ ಆರಂಭದ ವರ್ಷಗಳ ದೊಡ್ಡ ಕೆಲಸ, ಇರುವುದು ಒಂದೇ. ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ದಾಖಲೆ ಇದೆ, ನಕಲಿಯ ಭಯವಿಲ್ಲ. ಇಷ್ಟು ವರ್ಷ ಮಾರುಕಟ್ಟೆಗೇ ಬಂದಿರಲಿಲ್ಲ, ಈಗ ಬಿಟ್ಟರೆ ಮತ್ತೆ ಯಾವಾಗಲೋ. ಇಂಥ ಹೊತ್ತಲ್ಲಿ ಬೆಲೆ ಏರಿಸಲು ಹಠಮಾರಿಗಳು ಇಬ್ಬರು ಸಾಕು. ಅಂದ ಹಾಗೆ, ಹುಸೇನರು 2011ರಲ್ಲೇ ತೀರಿಕೊಂಡಿದ್ದರು. ಹಣ ಹೋಗಿದ್ದು ಆಸ್ಪತ್ರೆಯ ವೈದ್ಯರ ತರಬೇತಿಗೆ.

‘ಎಲ್ಲಾ ಇನ್ವೆಸ್ಟ್‌ಮೆಂಟ್ ಸ್ವಾಮಿ’ ಅನ್ನುವವರಿದ್ದಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಚಿತ್ರಕ್ಕೆ ಬಾಡಿಗೆ ಬರಲ್ಲ, ಬಡ್ಡಿ ಬರಲ್ಲ. ವಿಮೆ, ತೇವ, ಫಂಗಸ್ ಅಂತ ಖರ್ಚೇ ಜಾಸ್ತಿ. ಮಾರಬೇಕೆಂದರೆ ಇನ್ನೊಬ್ಬ ಹಠಮಾರಿ ಸಿಗಬೇಕು. ಅಮೃತಾ ಶೇರ್‌ಗಿಲ್ ಚಿತ್ರಗಳನ್ನಂತೂ ಕಾನೂನಿನ ಪ್ರಕಾರ ಭಾರತದಿಂದ ಹೊರಗೆ ಒಯ್ಯುವಂತೆಯೇ ಇಲ್ಲ. ಆದರೂ 2023ರಲ್ಲಿ ಅವರ ಒಂದು ಚಿತ್ರ 61.8 ಕೋಟಿಗೆ ಹೋಯಿತು. ಪ್ರತಿಷ್ಠೆ ಇದೆ, ಇಲ್ಲ ಅನ್ನಲ್ಲ. ಆದರೆ ‘ಇದು ನನ್ನ ಕಣ್ಣ ಮುಂದೆಯೇ ಇರಬೇಕು’ ಅನ್ನುವ ಆಸೆ ಅದಕ್ಕಿಂತ ಹಳೆಯದು.

ಆ ಆಸೆಯನ್ನು ನೋಡಬೇಕಾದರೆ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ. ಜನ ಒಂದು ಚಿತ್ರ ನೋಡಿ ಮುಂದೆ ಹೋಗುತ್ತಾರೆ, ತಿರುಗಿ ಬರುತ್ತಾರೆ, ಚೌಕಾಸಿ ಮಾಡುತ್ತಾರೆ, ಮತ್ತೆ ಹೋಗುತ್ತಾರೆ. ನಾನೂ ಹೀಗೇ ಮೂರು ಸುತ್ತು ಹಾಕಿ, ಮಳೆಯಲ್ಲಿ ನೆನೆಯುತ್ತಾ ನಿಂತ ಸೈಕಲ್ಲಿನ ಒಂದು ಜಲವರ್ಣವನ್ನು 800 ರೂಪಾಯಿಗೆ ತಂದೆ. ಫ್ರೇಮ್ ಹಾಕಿಸಲು 1,100 ಆಯಿತು.